ಬೆದರುಬೊಂಬೆ ಕಟ್ಟುವ ಸ್ಪರ್ಧೆ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವೆ ಇರುವ ನಮ್ಮ ಊರಿನಲ್ಲಿ ರಾಗಿ ತೆನೆ ಬಲಿಯುವ ಹೊತ್ತಿಗೆ ಈ ಸ್ಪರ್ಧೆ ನಡೆಯುತ್ತದೆ. ಫೋನಿನಲ್ಲಿ, ಸಂತೆಯಲ್ಲಿ, ಹಾಲಿನ ಡೇರಿ ಮುಂದೆ ಜನ ಕೇಳುವುದನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇವೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಬೊಂಬೆ ಚೆಂದ ಇದ್ದರೆ ಸಂತೋಷ. ಆದರೆ ಜಾಸ್ತಿ ಅಂಕ ಇರೋದು ಹಕ್ಕಿ ಓಡಿಸುವ ಕೆಲಸಕ್ಕೆ.

ಸ್ಪರ್ಧೆ ಯಾವಾಗ? ತಾರೀಖು ಯಾಕೆ ಮೊದಲೇ ಹೇಳೋದಿಲ್ಲ?

ತೆನೆ ನೋಡಿ ದಿನ ಗೊತ್ತು ಮಾಡುತ್ತೇವೆ. ಜುಲೈನಲ್ಲಿ ಹದವಾಗಿ ಮಳೆ ಬಿದ್ದರೆ ಬಿತ್ತನೆ ಬೇಗ ಆಗುತ್ತದೆ. ಮಳೆ ಕೈಕೊಟ್ಟರೆ ಆಗಸ್ಟ್ ಅರ್ಧದವರೆಗೂ ಬಿತ್ತುತ್ತಲೇ ಇರುತ್ತಾರೆ. ಜಿಪಿಯು-28ರಂಥ ರಾಗಿ ತಳಿ ಸುಮಾರು 110ರಿಂದ 115 ದಿನಕ್ಕೆ ಕೊಯ್ಲಿಗೆ ಬರುತ್ತದೆ. ಅದಕ್ಕೂ ಮೂರು ನಾಲ್ಕು ವಾರ ಮೊದಲು ಕಾಳು ಹಾಲು ತುಂಬಿಕೊಂಡಿರುತ್ತದೆ. ಉಗುರಲ್ಲಿ ಒತ್ತಿದರೆ ಬಿಳಿ ಹಾಲು ಬರಬೇಕು. ಹಕ್ಕಿಗೆ ಅದೇ ಹಬ್ಬ. ನಮಗೆ ಬೇಕಾದದ್ದೂ ಅದೇ ಸಮಯ. ಸಾಮಾನ್ಯವಾಗಿ ಅಕ್ಟೋಬರ್ ಕೊನೆ ಅಥವಾ ನವೆಂಬರ್ ಮೊದಲ ವಾರದ ಒಂದು ಭಾನುವಾರ ಅಂತ ಇಟ್ಟುಕೊಳ್ಳಿ. ಹತ್ತು ದಿನ ಮುಂಚೆ ಊರಲ್ಲಿ ತಮಟೆ ಹೊಡೆಸಿ ಸಾರುತ್ತೇವೆ, ಹೆಸರು ಕೊಟ್ಟವರಿಗೆ ಫೋನ್ ಮಾಡುತ್ತೇವೆ.

ಹಾಗಾದರೆ ಒಂದೇ ದಿನದ ಕಾರ್ಯಕ್ರಮನಾ?

ಅಲ್ಲ. ಕಟ್ಟೋದು ಒಂದು ದಿನ. ಬೊಂಬೆ ಹೊಲದಲ್ಲಿ ನಿಲ್ಲೋದು ಎರಡು ವಾರ. ಫಲಿತಾಂಶ ಆಮೇಲಿನ ಭಾನುವಾರ.

ನಾವು ಬೆಂಗಳೂರಿನಲ್ಲಿ ಇರೋದು. ಸೇರಬಹುದಾ?

ಸೇರಬಹುದು. ತಂಡದಲ್ಲಿ ಇಬ್ಬರಿಂದ ಆರು ಜನ ಇರಬೇಕು. ಅದರಲ್ಲಿ ಒಬ್ಬರಾದರೂ ನಮ್ಮ ಹೋಬಳಿಯಲ್ಲಿ ಇರುವವರಾಗಿರಲಿ. ಎರಡು ವಾರ ಬೊಂಬೆಯನ್ನು ಯಾರಾದರೂ ನೋಡಿಕೊಳ್ಳಬೇಕಲ್ವಾ? ನೆಂಟರು ಇದ್ದರೆ ಸರಿ. ಇಲ್ಲದಿದ್ದರೆ ಹೇಳಿ, ಇಲ್ಲಿಯ ಒಂದು ಮನೆಯ ಜೊತೆ ಸೇರಿಸುತ್ತೇವೆ. ಶುಲ್ಕ ಇಲ್ಲ.

ಬೆದರುಬೊಂಬೆಗೆ ನಿಜವಾಗಿಯೂ ಹಕ್ಕಿ ಹೆದರುತ್ತಾ?

ಅತಿ ಜಾಸ್ತಿ ಬರುವ ಪ್ರಶ್ನೆ ಇದು. ಹೆದರುತ್ತದೆ, ಆದರೆ ಸ್ವಲ್ಪ ದಿನ.

ಹಕ್ಕಿಗೆ ಮೊದಲು ಕಾಣೋದು ಆಕಾರ. ನೆಟ್ಟಗೆ ನಿಂತ ಮೈ, ಚಾಚಿದ ಎರಡು ಕೈ, ಮೇಲೊಂದು ತಲೆ. ಮನುಷ್ಯ ಅಂದುಕೊಂಡು ದೂರ ಹೋಗುತ್ತದೆ. ಮಾರನೇ ದಿನ ಮತ್ತೆ ಬಂದು ನೋಡುತ್ತದೆ. ಅದೇ ಜಾಗ, ಅದೇ ಭಂಗಿ, ಕೈ ಅಲ್ಲಾಡಿಲ್ಲ. ಇನ್ನೂ ಸ್ವಲ್ಪ ಹತ್ತಿರ ಬರುತ್ತದೆ. ಹೀಗೆ ಕೆಲವು ದಿನ ನೋಡಿ ಅಪಾಯ ಇಲ್ಲ ಅಂತ ಗೊತ್ತಾದರೆ ಮುಗಿಯಿತು, ಬೆರ್ಚಪ್ಪನ ತಲೆ ಮೇಲೇ ಕೂತು ತೆನೆ ತಿನ್ನುತ್ತದೆ. ಹಕ್ಕಿಗಳು ದಡ್ಡ ಅಲ್ಲ. ಕಾಗೆಯಂತೂ ಮುಖವನ್ನೇ ನೆನಪಿಡುತ್ತದೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2006ರಲ್ಲಿ ಒಂದು ಮುಖವಾಡ ಹಾಕಿಕೊಂಡು ಕಾಗೆಗಳನ್ನು ಹಿಡಿದು ಬಿಟ್ಟಿದ್ದರು. ವರ್ಷಗಳು ಕಳೆದ ಮೇಲೂ ಆ ಮುಖವಾಡ ಕಂಡರೆ ಕಾಗೆಗಳು ಗುಂಪು ಸೇರಿ ಕೂಗಾಡುತ್ತಿದ್ದವು. ಬೇರೆ ಮುಖವಾಡ ಹಾಕಿದವರನ್ನು ಅಷ್ಟಾಗಿ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅಂದರೆ ಯಾರು ತೊಂದರೆ ಕೊಡುತ್ತಾರೆ, ಯಾರು ಸುಮ್ನೆ ನಿಂತಿರುತ್ತಾರೆ ಅನ್ನೋದು ಅವಕ್ಕೆ ಚೆನ್ನಾಗಿ ತಿಳಿಯುತ್ತದೆ.

ಹಾಗಾದರೆ ಏನು ಮಾಡಬೇಕು? ಬೊಂಬೆಯನ್ನು ಆಗಾಗ ಜಾಗ ಬದಲಿಸಬೇಕು. ಅಂಗಿ ಬದಲಿಸಬೇಕು. ಗಾಳಿಗೆ ಏನಾದರೂ ಅಲ್ಲಾಡಬೇಕು. ನಡುನಡುವೆ ನಿಜವಾದ ಮನುಷ್ಯ ಹೊಲಕ್ಕೆ ಹೋಗಿ ಒಂದೆರಡು ಸಲ ಕೂಗು ಹಾಕಬೇಕು. ಆಗ ಹಕ್ಕಿಗೆ ಬೊಂಬೆ ಯಾವುದು, ಯಜಮಾನ ಯಾರು ಅನ್ನೋದು ಗೊಂದಲ ಆಗುತ್ತದೆ. ಕಟ್ಟಿ ನಿಲ್ಲಿಸಿ ಕೊಯ್ಲಿನವರೆಗೆ ಮರೆತುಬಿಡೋದು ನಮ್ಮ ಕಡೆ ಮಾಮೂಲಿ. ಬೊಂಬೆಯಿಂದ ಪ್ರಯೋಜನ ಇಲ್ಲ ಅಂತ ಬೈಯುವವರಲ್ಲಿ ಅಂಥವರೇ ಜಾಸ್ತಿ.

ಯಾವ ಹಕ್ಕಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕಟ್ಟಬೇಕು?

ನಮ್ಮ ಪರೀಕ್ಷೆಯ ಹೊಲದಲ್ಲಿ ರಾಗಿ ಇದೆ, ನಡುವೆ ಅಕ್ಕಡಿ ಸಾಲಿನಲ್ಲಿ ಜೋಳ, ಅವರೆ, ಸಾಸಿವೆ ಇವೆ. ಗಿಳಿ ಮೊದಲು ಕೂರೋದು ಜೋಳದ ತೆನೆ ಮೇಲೆ. ಅದು ತಿನ್ನೋದಕ್ಕಿಂತ ಕಚ್ಚಿ ಕೆಳಗೆ ಹಾಕೋದೇ ಹೆಚ್ಚು. ಗುಬ್ಬಿ, ಗೀಜಗ, ರಾಟವಾಳ ಹಿಂಡು ಹಿಂಡಾಗಿ ಬರುತ್ತವೆ. ಇವು ಚಿಕ್ಕ ಹಕ್ಕಿಗಳು, ತೆನೆಯ ಮಟ್ಟದಲ್ಲೇ ಹಾರುತ್ತವೆ. ಗಿಳಿ ಮೇಲಿನಿಂದ ಇಳಿಯುತ್ತದೆ. ಅದಕ್ಕೆ ಬೊಂಬೆ ಎತ್ತರದಿಂದಲೂ ಕಾಣಬೇಕು, ತೆನೆಯ ಸಮದಲ್ಲೂ ಏನಾದರೂ ಅಲ್ಲಾಡುತ್ತಿರಬೇಕು. ಸೆರಗು, ಪಂಚೆ ತುದಿ, ತೆಂಗಿನ ಗರಿ, ಏನಾದರೂ ಆದೀತು.

ಯಾವ ಸಾಮಾನು ತರಬೇಕು?

ಊರಲ್ಲಿ ಸಿಗುವುದನ್ನೇ ಬಳಸಿ. ಅಂಗಡಿಯಿಂದ ಕೊಂಡು ತರುವ ಸಾಮಾನು ಒಟ್ಟು 200 ರೂಪಾಯಿ ಮೀರಬಾರದು. ಬಿಲ್ ಕೇಳೋದಿಲ್ಲ, ನಂಬುತ್ತೇವೆ.

ಬೆನ್ನುಮೂಳೆಗೆ ಒಂದು ಗಟ್ಟಿ ಗಳ ಬೇಕು. ಸರ್ವೆ ಇಲ್ಲವೇ ನೀಲಗಿರಿ. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲೇ ನಿಲ್ಲಿಸಿದೆ. ಆದರೂ ಹಳೇ ತೋಪುಗಳು ನಮ್ಮ ಜಿಲ್ಲೆಯಲ್ಲೂ ಕೋಲಾರದಲ್ಲೂ ಉಳಿದಿವೆ, ಗಳಕ್ಕೆ ಬರ ಇಲ್ಲ. ಬಿದಿರು ಇನ್ನೂ ಒಳ್ಳೆಯದು. ಹಗುರ, ಗಾಳಿಗೆ ಬಾಗುತ್ತದೆ, ಮುರಿಯೋದಿಲ್ಲ.

ಕೈಗೆ, ಪಕ್ಕೆಲುಬಿಗೆ ಹಿಪ್ಪುನೇರಳೆ ಕಡ್ಡಿಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಶಿಡ್ಲಘಟ್ಟದ ಸುತ್ತ ರೇಷ್ಮೆ ಮನೆ ಇಲ್ಲದ ಊರು ಹುಡುಕಬೇಕು. ಹುಳು ಸೊಪ್ಪು ತಿಂದ ಮೇಲೆ ಉಳಿಯುವ ಕಡ್ಡಿಯ ಹೊರೆ ಹಿತ್ತಲಲ್ಲಿ ಬಿದ್ದಿರುತ್ತದೆ. ಕೇಳಿದರೆ ಯಾರೂ ಇಲ್ಲ ಅನ್ನೋದಿಲ್ಲ. ಎರಡು ಎಚ್ಚರಿಕೆ ಮಾತ್ರ. ಒಣಗಿದ ಕಡ್ಡಿಯನ್ನೇ ತೆಗೆದುಕೊಳ್ಳಿ. ಹಿಪ್ಪುನೇರಳೆ ಬೆಳೆಸೋದೇ ಕಡ್ಡಿ ನೆಟ್ಟು. ಹಸಿ ಕಡ್ಡಿಯನ್ನು ನೆಲಕ್ಕೆ ಚುಚ್ಚಿ, ಮೇಲೆ ಮಳೆ ಬಂದರೆ ನಿಮ್ಮ ಬೊಂಬೆಯ ಕಾಲು ಚಿಗುರುತ್ತದೆ. ಎರಡನೆಯದು, ಕಡ್ಡಿ ಕೇಳಲು ಹೋದಾಗ ಹುಳು ಮನೆಯೊಳಗೆ ಕಾಲಿಡಬೇಡಿ. ಹೊರಗಿನವರ ಕಾಲಿನಿಂದ ರೋಗ ಬರುತ್ತದೆ ಅಂತ ಅವರು ಬಾಗಿಲಲ್ಲೇ ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿಕೊಂಡಿರುತ್ತಾರೆ. ಹಿತ್ತಲಿನಿಂದಲೇ ಕೂಗಿ ಕರೆಯಿರಿ.

ಹೊಟ್ಟೆಗೆ ತುಂಬಲು ರಾಗಿ ಹುಲ್ಲು ಸಲೀಸು. ಆದರೆ ಅದು ದನದ ಮೇವು, ಬೇಸಿಗೆಯಲ್ಲಿ ಅದರ ಬೆಲೆ ಎಲ್ಲರಿಗೂ ಗೊತ್ತು. ಹೊಸ ಹುಲ್ಲು ಹಾಳು ಮಾಡಬೇಡಿ. ಬಣವೆಯ ತಳದಲ್ಲಿ ಮಣ್ಣು ಹಿಡಿದು ದನ ಮೂಸದ ಹುಲ್ಲು ಇರುತ್ತದಲ್ಲ, ಅದು ಸಾಕು. ತೆಂಗಿನ ನಾರು, ಒಣ ಬಾಳೆ ಎಲೆ, ಚಾವಣಿಗೆ ಹೊದಿಸುವ ಬಾದೆ ಹುಲ್ಲು ಕೂಡ ಆಗುತ್ತವೆ. ತುಮಕೂರು ಕಡೆಯಿಂದ ಬರುವ ತಂಡದವರು ಅಡಿಕೆ ಹಾಳೆ ತಂದರೆ ತುಂಬಾ ಒಳ್ಳೆಯದು. ಮುಖ, ಟೋಪಿ, ಕಿವಿ ಏನು ಬೇಕಾದರೂ ಕತ್ತರಿಸಬಹುದು, ಮಳೆಗೂ ಬೇಗ ಕೆಡೋದಿಲ್ಲ.

ಬಣವೆಗೆ ಕೈ ಹಾಕುವ ಮುಂಚೆ ಒಂದು ಕೋಲಿನಿಂದ ಕೆದಕಿ. ಚೇಳು, ಹಾವು ಇರುತ್ತವೆ. ಇದನ್ನು ಮಕ್ಕಳಿಗೆ ಬಿಡಬೇಡಿ.

ಏನೇನು ತರಬಾರದು?

ಥರ್ಮೋಕೋಲ್ ಬೇಡ. ಅಲಂಕಾರದ ಥರ್ಮೋಕೋಲ್ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ಫ್ಲೆಕ್ಸ್ ಬೇಡ. ಗಾಜಿನ ಚೂರು, ಬ್ಲೇಡು ಬೇಡವೇ ಬೇಡ, ನಾಳೆ ಅದೇ ಹೊಲದಲ್ಲಿ ಬರಿಗಾಲಲ್ಲಿ ಕೊಯ್ಯುವವರು ಇರುತ್ತಾರೆ. ಹಳೇ ಕ್ಯಾಸೆಟ್ಟಿನ ಟೇಪು ಎಳೆದು ಕಟ್ಟಿದರೆ ಗಾಳಿಗೆ ಗುಂಯ್ ಅನ್ನುತ್ತದೆ, ಹಕ್ಕಿಯೂ ಹೆದರುತ್ತದೆ, ನಿಜ. ಆದರೆ ಅದು ತುಂಡಾಗಿ ಹುಲ್ಲಿನ ಜೊತೆ ದನದ ಹೊಟ್ಟೆ ಸೇರುತ್ತದೆ. ಅದನ್ನೂ ಬಿಟ್ಟಿದ್ದೇವೆ.

ಒಂದು ಕಡೆ ಕೆಂಪು, ಇನ್ನೊಂದು ಕಡೆ ಬೆಳ್ಳಿ ಬಣ್ಣ ಇರುವ ಹೊಳೆಯುವ ರಿಬ್ಬನ್‌ಗೆ ಮಾತ್ರ ಒಪ್ಪಿಗೆ ಇದೆ. ಕೃಷಿ ವಿಜ್ಞಾನಿಗಳೇ ಹೇಳುವ ಉಪಾಯ ಅದು. ತಿರುಚಿ ಕಟ್ಟಿದರೆ ಬಿಸಿಲಿಗೆ ಮಿಂಚುತ್ತದೆ, ಗಾಳಿಗೆ ಸದ್ದು ಮಾಡುತ್ತದೆ. ಒಂದು ತಂಡಕ್ಕೆ ಒಂದೇ ಎಳೆ. ಎರಡು ವಾರ ಆದ ಮೇಲೆ ಬಿಚ್ಚಿ ವಾಪಸ್ ಕೊಡಬೇಕು.

ಅಳತೆ ಏನಾದರೂ ಇದೆಯಾ?

ನೆಲದಿಂದ ಐದು ಅಡಿಗಿಂತ ಕಡಿಮೆ ಬೇಡ, ಎಂಟು ಅಡಿ ಮೀರಬಾರದು. ಇಬ್ಬರು ಎತ್ತಿಕೊಂಡು ಬದುವಿನ ಮೇಲೆ ನಡೆಯುವಷ್ಟು ತೂಕ ಇರಲಿ.

ಮೊದಲ ಸಲ ಕಟ್ಟುತ್ತಿದ್ದೇವೆ. ಹೇಗೆ ಶುರು ಮಾಡೋದು?

ಮೊದಲು ಗಳ. ಒಂದೂವರೆ ಅಡಿ ನೆಲದೊಳಗೆ ಹೋಗುವ ಹಾಗೆ ಲೆಕ್ಕ ಹಾಕಿ, ತುದಿಯನ್ನು ಮಚ್ಚಿನಿಂದ ಚೂಪು ಮಾಡಿಕೊಳ್ಳಿ. ಭುಜದ ಎತ್ತರದಲ್ಲಿ ಅಡ್ಡ ಕೋಲು. ಇಲ್ಲೇ ಎಲ್ಲರೂ ಎಡವೋದು. ಒಂದೇ ಸುತ್ತು ದಾರ ಕಟ್ಟಿದರೆ ಮೊದಲ ಗಾಳಿಗೇ ಕೈ ಕೆಳಗೆ ಜಾರುತ್ತದೆ. ಗಳದಲ್ಲಿ ಒಂದು ಕಚ್ಚು ಮಾಡಿ, ಅಡ್ಡ ಕೋಲನ್ನು ಅದರೊಳಗೆ ಕೂರಿಸಿ, ಸೆಣಬಿನ ಹುರಿಯನ್ನು ಆ ಕಡೆ ಈ ಕಡೆ ಓರೆಯಾಗಿ ನಾಲ್ಕು ನಾಲ್ಕು ಸುತ್ತು ಬಿಗಿಯಿರಿ. ಬೈಂಡಿಂಗ್ ವೈರ್ ಬಳಸಬಹುದು, ಆದರೆ ತುದಿ ಒಳಗೆ ಮಡಚಿ.

ಒಂದು ಉಪಾಯ ಹೇಳುತ್ತೇವೆ. ಅಡ್ಡ ಕೋಲನ್ನು ಗಟ್ಟಿಯಾಗಿ ಕಟ್ಟುವ ಬದಲು, ಗಳದ ತಲೆಗೆ ಒಂದು ಮೊಳೆ ಹೊಡೆದು, ಬಿದಿರಿನ ಅಡ್ಡ ಕೋಲಿನ ನಡುವೆ ತೂತು ಮಾಡಿ ಅದರ ಮೇಲೆ ಸಡಿಲವಾಗಿ ಕೂರಿಸಬಹುದು. ಗಾಳಿಗೆ ಭುಜ, ಕೈ ಎಲ್ಲ ತಿರುಗುತ್ತದೆ. ಹಕ್ಕಿಗೆ ಬೊಂಬೆ ತನ್ನ ಕಡೆ ತಿರುಗಿ ನೋಡಿದ ಹಾಗೆ ಕಾಣುತ್ತದೆ. ಮೊಳೆಗೆ ಒಂದು ತೊಟ್ಟು ಹರಳೆಣ್ಣೆ ಹಾಕಿದರೆ ಸಲೀಸಾಗಿ ತಿರುಗುತ್ತದೆ. ಎರಡೂ ಕೈಗೆ ಒಂದೇ ತೂಕ ಇರಬೇಕು, ಇಲ್ಲದಿದ್ದರೆ ಒಂದು ಕಡೆ ವಾಲಿ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಆಮೇಲೆ ಮೈ. ಹಳೇ ಗೋಣಿ ಚೀಲದ ತಳದಲ್ಲಿ ತೂತು ಮಾಡಿ ಗಳಕ್ಕೆ ತೊಡಿಸಿ, ಒಳಗೆ ಹುಲ್ಲು ತುಂಬಿ, ಸೊಂಟಕ್ಕೆ ಕಟ್ಟಿ. ತುಂಬಾ ಒತ್ತಿ ತುಂಬಬೇಡಿ. ಮಳೆ ನೀರು ಕುಡಿದರೆ ಆ ಮೈ ಗಳವನ್ನೇ ಬಾಗಿಸುತ್ತದೆ. ಚೀಲದ ಕೆಳಗೆ ನೀರು ಇಳಿಯಲು ಎರಡು ತೂತು ಬಿಡಿ. ಬಟ್ಟೆ ಹಾಕೋದು ಕೊನೆಗೆ. ಸಡಿಲ ಇದ್ದಷ್ಟೂ ಒಳ್ಳೆಯದು.

ತಲೆಗೆ ಮಡಕೆನಾ, ಕುಂಬಳಕಾಯಾ?

ಮಡಕೆ. ಮಸಿ ಹಿಡಿದ ಹಳೇ ಮಡಕೆಯನ್ನು ಕವುಚಿ ಹಾಕಿ, ಸುಣ್ಣದಲ್ಲಿ ಕಣ್ಣು, ಹಲ್ಲು ಬರೆದರೆ ಮುಗಿಯಿತು. ನಮ್ಮ ಅಜ್ಜಂದಿರು ಮಾಡುತ್ತಿದ್ದದ್ದೂ ಅಷ್ಟೇ. ಕಪ್ಪಿನ ಮೇಲೆ ಬಿಳಿ ದೂರಕ್ಕೆ ಎದ್ದು ಕಾಣುತ್ತದೆ. ಬೂದುಗುಂಬಳ ಎರಡು ವಾರ ಬಿಸಿಲು ಮಳೆಗೆ ಸಿಕ್ಕಿದರೆ ಕೊಳೆಯುವ ಅಪಾಯ ಇದೆ, ತೂಕವೂ ಜಾಸ್ತಿ. ಚೆಂಡು, ಸೋರೆ ಬುರುಡೆ, ಹೊಟ್ಟು ತುಂಬಿದ ಬಟ್ಟೆ ಗಂಟು, ಎಲ್ಲ ಆಗುತ್ತದೆ. ಹೆಲ್ಮೆಟ್ ತರುವವರೂ ಇದ್ದಾರೆ. ರಸ್ತೆಯಲ್ಲಿ ಹಾಕಿಕೊಳ್ಳದವರ ಹೆಲ್ಮೆಟ್ ಹೊಲದಲ್ಲಾದರೂ ಉಪಯೋಗಕ್ಕೆ ಬರಲಿ ಅಂತ ನಾವು ಬೇಡ ಅಂದಿಲ್ಲ.

ತೀರಿಕೊಂಡವರ ಬಟ್ಟೆ ಹಾಕಬಹುದಾ?

ಕೇಳಲು ಹಿಂಜರಿಯುತ್ತಾರೆ, ಆದರೆ ಕೇಳುತ್ತಾರೆ. ಮನೆಯ ಎಲ್ಲರೂ ಒಪ್ಪಿದ್ದರೆ ಹಾಕಿ. ಕೆಲವರಿಗೆ ಅಪ್ಪನ ಅಂಗಿ ಹೊಲದಲ್ಲಿ ನಿಂತಿದ್ದರೆ ಅವರೇ ಕಾವಲು ಇದ್ದ ಹಾಗೆ ಸಮಾಧಾನ. ಇನ್ನು ಕೆಲವರಿಗೆ ಅದನ್ನು ನೋಡಿದರೇ ಹೊಟ್ಟೆಯಲ್ಲಿ ಸಂಕಟ. ಅಮ್ಮನನ್ನು ಕೇಳದೆ ಮಗ ಪೆಟ್ಟಿಗೆಯಿಂದ ಅಂಗಿ ಎತ್ತಿಕೊಂಡು ಬರೋದು ಬೇಡ. ಎರಡು ವಾರ ಬಿಸಿಲಿಗೆ ಬಟ್ಟೆ ಬಣ್ಣ ಹೋಗಿ ಹರಿಯುತ್ತದೆ. ವಾಪಸ್ ಬೇಕು ಅನ್ನಿಸುವ ಬಟ್ಟೆ ಆದರೆ ತರಲೇಬೇಡಿ.

ಬೊಂಬೆಗೆ ಯಾರದಾದರೂ ಮುಖ ಹೋಲುವ ಹಾಗೆ ಮಾಡಬಹುದಾ?

ಸಿನಿಮಾ ನಟರು, ಕ್ರಿಕೆಟ್ ಆಟಗಾರರು ಪರವಾಗಿಲ್ಲ, ಗೌರವ ಇರಲಿ. ರಾಜಕೀಯದವರು ಬೇಡ, ಪಕ್ಷದ ಶಾಲು, ಚಿಹ್ನೆ ಬೇಡ. ಪಂಚಾಯಿತಿ ಚುನಾವಣೆ ಹತ್ತಿರ ಇದ್ದರಂತೂ ಬೊಂಬೆಯೇ ಜಗಳಕ್ಕೆ ನಿಲ್ಲುತ್ತದೆ. ಊರಿನವರ ಮುಖ ಅವರ ಒಪ್ಪಿಗೆ ಇದ್ದರೆ ಮಾತ್ರ. ಒಂದು ಜಾತಿಯನ್ನು, ಮತವನ್ನು, ಅಂಗವಿಕಲರನ್ನು, ಹೆಂಗಸರನ್ನು ಆಡಿಕೊಳ್ಳುವ ಬೊಂಬೆಯನ್ನು ಹೊಲದವರೆಗೂ ಬಿಡೋದಿಲ್ಲ. ಅಲ್ಲೇ ಬಿಚ್ಚಿಸುತ್ತೇವೆ. ಇದರಲ್ಲಿ ಮಾತುಕತೆ ಇಲ್ಲ.

ನಾವು ಹೊಸ ಮನೆ ಮುಂದೆ ಕಟ್ಟುವ ದೃಷ್ಟಿಬೊಂಬೆಯನ್ನೇ ತರಬಹುದಾ?

ಅಂಗಡಿಯಲ್ಲಿ ಸಿಗುವ ನಾಲಗೆ ಚಾಚಿದ ಮುಖವಾಡ ಆದರೆ ಬೇಡ, ಅದರಲ್ಲಿ ನಿಮ್ಮ ಕೈಕೆಲಸ ಏನಿದೆ? ನೀವೇ ಕಟ್ಟಿದ್ದಾದರೆ ತನ್ನಿ. ಹೊಲದ ಬೊಂಬೆಗೂ ನಮ್ಮಲ್ಲಿ ಅರ್ಧ ಕೆಲಸ ಹಕ್ಕಿ ಓಡಿಸೋದು, ಇನ್ನರ್ಧ ದಾರಿಹೋಕರ ಕಣ್ಣು ಬೆಳೆ ಮೇಲೆ ಬೀಳದ ಹಾಗೆ ತಡೆಯೋದು. 2023ರ ಜುಲೈನಲ್ಲಿ ಟೊಮೇಟೊ ಬೆಲೆ ಕೆಜಿಗೆ 100 ರೂಪಾಯಿ ದಾಟಿದಾಗ ಎಲ್ಲರ ಕಣ್ಣೂ ಟೊಮೇಟೊ ತೋಟಗಳ ಮೇಲೇ ಇತ್ತು. ಆ ಭಯ ಕಳ್ಳರದ್ದು, ಹಕ್ಕಿಯದ್ದಲ್ಲ. ದೃಷ್ಟಿ ತಗಲುತ್ತೋ ಇಲ್ಲವೋ ಅನ್ನೋದಕ್ಕೆ ನಾವು ಅಂಕ ಕೊಡೋದಿಲ್ಲ, ಅದು ನಿಮ್ಮ ನಂಬಿಕೆ. ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಕೊಳ್ಳಿ. ಪ್ರಾಣಿಬಲಿ ಗಿಲಿ ಮಾತ್ರ ಎತ್ತಬೇಡಿ.

ಮಳೆ ಬಂದರೆ?

ಹಿಂಗಾರು ಮಳೆ ಬರುವ ಕಾಲವೇ ಇದು, ಬಂದೇ ಬರುತ್ತದೆ. ಕಟ್ಟುವ ದಿನ ಮಳೆಯಾದರೆ ಶಾಲೆಯ ಜಗುಲಿಗೆ ಹೋಗುತ್ತೇವೆ. ಹೊಲದಲ್ಲಿ ನಿಂತ ಮೇಲೆ ಬಂದರೆ ಅದೂ ಪರೀಕ್ಷೆಯ ಭಾಗವೇ. ಪೋಸ್ಟರ್ ಬಣ್ಣ ಒಂದೇ ಮಳೆಗೆ ಹರಿದುಹೋಗುತ್ತದೆ. ಸುಣ್ಣಕ್ಕೆ ಸ್ವಲ್ಪ ಅಂಟು ಬೆರೆಸಿ ಬಳಿಯಿರಿ. ಕಪ್ಪಿಗೆ ಇದ್ದಿಲ ಪುಡಿಯನ್ನು ಎಣ್ಣೆಯಲ್ಲಿ ಕಲಸಿ. ಕೆಂಪಿಗೆ ಕೆಮ್ಮಣ್ಣು.

ನಮ್ಮ ಬೊಂಬೆಯನ್ನು ಹಸು ತಿಂದರೆ?

ನಗಬೇಡಿ, ಆಗುತ್ತದೆ. ಬೊಂಬೆಯ ಕಾಲಿನಿಂದ ರಾಗಿ ಹುಲ್ಲು ಇಣುಕುತ್ತಿದ್ದರೆ ಯಾವ ಹಸು ಬಿಟ್ಟೀತು? ಸೊಂಟದ ಕೆಳಗೆ ತೆಂಗಿನ ನಾರು ಇಲ್ಲವೇ ಬಾದೆ ಹುಲ್ಲು ಹಾಕಿ, ರಾಗಿ ಹುಲ್ಲನ್ನು ಮೇಲಿನ ಭಾಗಕ್ಕೆ ಮಾತ್ರ ಇಟ್ಟುಕೊಳ್ಳಿ. ತಿಂದರೆ ದನದ ಮಾಲೀಕರ ಜೊತೆ ಜಗಳ ಬೇಡ. ಬೊಂಬೆಯನ್ನು ಒಂದು ಸಲ ರಿಪೇರಿ ಮಾಡಲು ಅವಕಾಶ ಇದೆ.

ಅಂಕ ಹೇಗೆ ಹಾಕುತ್ತೀರಿ? ಯಾರು ಹಾಕುತ್ತಾರೆ?

ಒಟ್ಟು 100. ಹೊಲದಲ್ಲಿ ಮಾಡಿದ ಕೆಲಸಕ್ಕೆ 40. ಗಾಳಿ ಮಳೆಗೆ ನಿಂತ ಗಟ್ಟಿತನಕ್ಕೆ 25. ನೋಟಕ್ಕೆ 20. ಊರಿನ ಸಾಮಾನು ಬಳಸಿದ್ದಕ್ಕೆ, ಎತ್ತಿ ಸರಿಸಲು ಸುಲಭ ಇರುವುದಕ್ಕೆ 15. ತೀರ್ಪು ಹೇಳೋದು ಮೂವರು: ರಾಗಿ ಬೆಳೆಯುವ ಒಬ್ಬ ಹೆಣ್ಣುಮಗಳು, ಒಬ್ಬರು ಚಿತ್ರಕಲೆ ಮೇಷ್ಟ್ರು, ಇನ್ನೊಬ್ಬರು ಬೇರೆ ಊರಿನ ಹಿರಿಯ ರೈತರು. ಮೂವರಲ್ಲಿ ಯಾರ ನೆಂಟರು ಸ್ಪರ್ಧೆಯಲ್ಲಿದ್ದರೂ ಆ ತಂಡಕ್ಕೆ ಅವರು ಅಂಕ ಹಾಕೋದಿಲ್ಲ. ನಮ್ಮೂರಲ್ಲಿ ನೆಂಟಸ್ತನ ಹುಡುಕಿದರೆ ಎಲ್ಲರೂ ನೆಂಟರೇ. ಅದಕ್ಕೆ ಅಕ್ಕ, ತಮ್ಮ, ಬೀಗರು, ಇಷ್ಟಕ್ಕೇ ಗೆರೆ ಎಳೆದಿದ್ದೇವೆ.

ಹಕ್ಕಿ ಹೆದರಿತೋ ಇಲ್ಲವೋ ಅಂತ ಹೇಗೆ ಅಳೆಯುತ್ತೀರಿ?

ಹೊಲವನ್ನು ಸಮ ತುಂಡುಗಳಾಗಿ ಗುರುತು ಮಾಡುತ್ತೇವೆ. ಯಾವ ತುಂಡು ಯಾರಿಗೆ ಅನ್ನೋದು ಚೀಟಿ ಎತ್ತಿ. ಹುಣಸೆ ಮರದ ಪಕ್ಕದ ತುಂಡು ಬಂದವರು ಬೇಜಾರು ಮಾಡಿಕೊಳ್ಳುತ್ತಾರೆ, ಅಲ್ಲಿ ಹಕ್ಕಿ ಕೂರೋದು ಜಾಸ್ತಿ. ಏನು ಮಾಡೋದು, ಚೀಟಿ ಅಂದರೆ ಚೀಟಿ. ಆದರೆ ಒಂದು ವಾರ ಆದ ಮೇಲೆ ಎಲ್ಲರೂ ತುಂಡು ಬದಲಿಸುತ್ತಾರೆ. ಇದರಿಂದ ಮೋಸವೂ ತಪ್ಪುತ್ತದೆ, ಬೊಂಬೆಯ ಜಾಗವೂ ಬದಲಾಗುತ್ತದೆ.

ಒಂದು ತುಂಡಿನಲ್ಲಿ ಬೊಂಬೆಯನ್ನೇ ಇಡೋದಿಲ್ಲ. ಅದು ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ಬೊಂಬೆ ಇಲ್ಲದ ಕಡೆಯೂ ಹಕ್ಕಿ ಬಾರದಿದ್ದರೆ ನಿಮ್ಮ ಬೊಂಬೆ ಓಡಿಸಿತು ಅಂತ ಹೇಗೆ ಹೇಳೋದು? ಆವತ್ತು ಹಕ್ಕಿಗಳೇ ಬೇರೆ ಹೊಲಕ್ಕೆ ಹೋಗಿರಬಹುದು. ಆ ಖಾಲಿ ತುಂಡಿನ ಜೊತೆ ಹೋಲಿಸಿಯೇ ಅಂಕ.

ಬೆಳಿಗ್ಗೆ ಆರೂವರೆಯಿಂದ ಎಂಟು, ಸಂಜೆ ನಾಲ್ಕೂವರೆಯಿಂದ ಆರು. ಹಕ್ಕಿ ಮೇಯುವ ಹೊತ್ತು ಅದೇ. ಪ್ರೌಢಶಾಲೆಯ ಮಕ್ಕಳು ಇಬ್ಬಿಬ್ಬರು ಬದುವಿನ ಮೇಲೆ ಕೂತು, ಯಾವ ತುಂಡಿನಲ್ಲಿ ಎಷ್ಟು ಸಲ ಹಿಂಡು ಇಳಿಯಿತು ಅಂತ ಗೀಟು ಹಾಕುತ್ತಾರೆ. ಅವರು ಕೂಗಬಾರದು, ಕಲ್ಲು ಹೊಡೆಯಬಾರದು. ಪರೀಕ್ಷೆ ಬೊಂಬೆಗೆ, ಮಕ್ಕಳ ಗುರಿಗೆ ಅಲ್ಲ.

ಆಗಲೇ ಹೇಳಿದ ಹಾಗೆ ನಡುವೆ ಅಂಗಿ ಬದಲಿಸೋದು, ಭಂಗಿ ಬದಲಿಸೋದು ತಂಡದವರ ಇಷ್ಟ. ಮಾಡಿದವರಿಗೆ ಎರಡನೇ ವಾರ ಲಾಭ ಕಾಣುತ್ತದೆ.

ಮೋಟಾರು, ಸೋಲಾರ್, ಸೌಂಡು ಹಾಕಬಹುದಾ?

ಗಾಳಿಯಿಂದ ನಡೆಯುವುದೆಲ್ಲ ಸರಿ. ಡಬ್ಬ ಕಟ್ಟಿ, ಗಿಲಕಿ ಕಟ್ಟಿ, ಹಳೇ ಫ್ಯಾನಿನ ರೆಕ್ಕೆ ತಿರುಗಿಸಿ. ಬ್ಯಾಟರಿ, ಸ್ಪೀಕರ್, ಪಟಾಕಿ ಬಂದೂಕು ಬೇಡ. ಪಕ್ಕದ ಮನೆಯಲ್ಲಿ ಬಾಣಂತಿ ಇರುತ್ತಾರೆ, ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟುವ ಸಮಯ ಇರುತ್ತದೆ. ಮೊಬೈಲಿನಲ್ಲಿ ಹುಲಿ ಗರ್ಜನೆ ಹಾಕಿದರೆ ಹಕ್ಕಿಗಿಂತ ಮೊದಲು ಅಜ್ಜಿಯರು ಓಡುತ್ತಾರೆ.

ನಮ್ಮ ಕಡೆ ಹಕ್ಕಿಗಿಂತ ಹಂದಿ, ನವಿಲು, ಆನೆ ಕಾಟ. ಅದಕ್ಕೂ ಬೊಂಬೆ ಆಗುತ್ತಾ?

ಹಂದಿ ಬರೋದು ರಾತ್ರಿ, ಅದು ಮೂಗಿನಿಂದ ನೋಡುತ್ತದೆ. ಬೊಂಬೆಯ ಮುಖ ಅದಕ್ಕೇನೂ ಅಲ್ಲ. ಹಳೇ ಸೀರೆಗಳನ್ನು ಹೊಲದ ಸುತ್ತ ಕಟ್ಟೋದನ್ನು ನೀವೂ ನೋಡಿರುತ್ತೀರಿ. ಅದು ಒಂದಷ್ಟು ದಿನ ತಡೆಯುತ್ತದೆ. ಬಂಗಾರಪೇಟೆ ಕಡೆಯವರು ಆನೆಗೆ ಬೊಂಬೆ ಕೇಳುತ್ತಾರೆ. ದಯವಿಟ್ಟು ಬೊಂಬೆ ನಂಬಿಕೊಂಡು ಆನೆ ಬರುವ ಹೊಲದಲ್ಲಿ ಮಲಗಬೇಡಿ, ಅರಣ್ಯ ಇಲಾಖೆಗೆ ಹೇಳಿ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಸುತ್ತ ಕೃಷ್ಣಮೃಗಗಳು ಹೊಲಕ್ಕೆ ಇಳಿಯುತ್ತವೆ, ಅವಕ್ಕೂ ಬೊಂಬೆ ಬೇಗ ಅಭ್ಯಾಸ ಆಗಿಬಿಡುತ್ತದೆ.

ನವಿಲು ದೊಡ್ಡ ತಲೆನೋವು ಅನ್ನೋದು ಗೊತ್ತು. ಆದರೆ ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಹಕ್ಕಿ. ಹೆದರಿಸಿ ಓಡಿಸಬಹುದು, ಹೊಡೆಯುವಂತಿಲ್ಲ, ವಿಷ ಇಡುವಂತಿಲ್ಲ. ಕೃಷ್ಣಮೃಗಕ್ಕೂ ಇದೇ ಮಾತು. ಬೇಲಿಗೆ ಲೈನ್ ಕರೆಂಟ್ ಕೊಡೋದಂತೂ ಕೊಲೆಗೆ ಸಮ. ಹಂದಿಗೆ ಇಟ್ಟ ಕರೆಂಟಿಗೆ ನೀರು ಹಾಯಿಸಲು ಹೋದ ಮನುಷ್ಯರೇ ಬಲಿ ಆಗುತ್ತಾರೆ.

ದ್ರಾಕ್ಷಿ ತೋಟದವರು ಬಲೆ ಹಾಕುತ್ತಾರಲ್ಲ, ಬೊಂಬೆ ಯಾಕೆ?

ದ್ರಾಕ್ಷಿಗೆ ಬಲೆಯೇ ಸರಿ. ಬಂಡವಾಳ ಹಾಕುವ ಬೆಳೆ ಅದು. ಬಲೆ ಬಿಗಿಯಾಗಿ ಎಳೆದಿರಲಿ, ಸಡಿಲ ಇದ್ದರೆ ಹಕ್ಕಿ ಸಿಕ್ಕಿಕೊಂಡು ಸಾಯುತ್ತದೆ. ಒಂದು ಎಕರೆ ಮಳೆಯಾಶ್ರಿತ ರಾಗಿಗೆ ಬಲೆ ಹಾಕುವಷ್ಟು ದುಡ್ಡು ಯಾರ ಹತ್ತಿರ ಇದೆ? ಬೊಂಬೆ ಆ ಹೊಲಕ್ಕೆ.

ಬೊಂಬೆಯ ಬಗ್ಗೆ ಎರಡು ಮಾತು ಹೇಳಬೇಕಂತೆ. ತೆಲುಗಿನಲ್ಲಿ ಹೇಳಬಹುದಾ?

ಧಾರಾಳವಾಗಿ. ಬಾಗೇಪಲ್ಲಿ, ಚಿಂತಾಮಣಿ ಕಡೆ ಮನೆಯಲ್ಲಿ ತೆಲುಗು, ಬಸ್‌ಸ್ಟ್ಯಾಂಡಲ್ಲಿ ಕನ್ನಡ. ತೀರ್ಪುಗಾರರಿಗೆ ಎರಡೂ ಬರುತ್ತದೆ. ದಖನಿ ಉರ್ದು ಮಾತಾಡುವವರೂ ನಾಚಿಕೊಳ್ಳಬೇಡಿ. ಎರಡೇ ನಿಮಿಷ, ಭಾಷಣ ಬೇಡ. ಎಲ್ಲಿಂದ ಸಾಮಾನು ತಂದಿರಿ, ಏನು ಅಲ್ಲಾಡುತ್ತದೆ, ಯಾಕೆ ಹಾಗೆ ಕಟ್ಟಿದಿರಿ, ಅಷ್ಟು ಸಾಕು.

ಚಿಕ್ಕ ಮಕ್ಕಳಿಗೆ ಬೇರೆ ವಿಭಾಗ ಇದೆಯಾ?

ಇದೆ. ಹತ್ತು ವರ್ಷದ ಒಳಗಿನವರು ಮೂರು ಅಡಿಯ ಬೊಂಬೆ ಕಟ್ಟುತ್ತಾರೆ, ಅದು ಕೈತೋಟಕ್ಕೆ. ಮಚ್ಚು, ಕುಡುಗೋಲು ದೊಡ್ಡವರೇ ಹಿಡಿಯಬೇಕು. ಅಪ್ಪ ಅಮ್ಮ ಕೂತು ಪೂರ್ತಿ ಕಟ್ಟಿಕೊಟ್ಟರೆ ನೋಡಿದ ತಕ್ಷಣ ಗೊತ್ತಾಗುತ್ತದೆ. ಮಕ್ಕಳು ಕಟ್ಟಿದ ಬೊಂಬೆಗೆ ಎರಡು ಕಣ್ಣು ಒಂದೇ ಅಳತೆ ಇರೋದಿಲ್ಲ.

ಬೇರೆ ಕಡೆಯೂ ಇಂಥ ಸ್ಪರ್ಧೆ ಇದೆಯಾ?

ಇಂಗ್ಲೆಂಡಿನ ಯಾರ್ಕ್‌ಷೈರಿನ ಕೆಟಲ್‌ವೆಲ್ ಅನ್ನುವ ಹಳ್ಳಿಯಲ್ಲಿ 1994ರಿಂದ ಬೆದರುಬೊಂಬೆ ಹಬ್ಬ ನಡೆಯುತ್ತಿದೆ. ಅಲ್ಲಿ ಬೊಂಬೆಗಳು ಮನೆ ಮುಂದೆ, ಬೀದಿಯಲ್ಲಿ ನಿಲ್ಲುತ್ತವೆ, ಜನ ನೋಡಲು ಬರುತ್ತಾರೆ. ಜಪಾನಿನ ನಗೋರೊ ಹಳ್ಳಿಯದು ಬೇರೆ ಕಥೆ. ಜನ ಊರು ಬಿಟ್ಟು ಹೋದಂತೆ ಅವರ ಜಾಗದಲ್ಲಿ ಒಬ್ಬ ಹೆಂಗಸು ಬೊಂಬೆ ಮಾಡಿ ಕೂರಿಸುತ್ತಾ ಬಂದರು, ಈಗ ಅಲ್ಲಿ ಮನುಷ್ಯರಿಗಿಂತ ಬೊಂಬೆಗಳೇ ಹೆಚ್ಚು. ನಮ್ಮದರಲ್ಲಿ ಹೊಲ ಇದೆ, ಹಕ್ಕಿ ಲೆಕ್ಕ ಇದೆ. ನಮಗೆ ಇದೇ ಇಷ್ಟ.

ಬಹುಮಾನ ಏನು?

ಮೊದಲನೆಯದು ಒಂದು ಕ್ವಿಂಟಲ್ ರಾಗಿ ಹಿಡಿಯುವ ಕಣಜದ ಡ್ರಮ್ಮು. ಎರಡನೆಯದು ದೊಡ್ಡ ಟಾರ್ಪಾಲು. ಮೂರನೆಯದು ಎರಡು ಒಳ್ಳೆ ಕುಡುಗೋಲು. ಟ್ರೋಫಿ ಕೊಡೋದಿಲ್ಲ, ಶೋಕೇಸಿನಲ್ಲಿ ಧೂಳು ಹಿಡಿಯುತ್ತದೆ ಅಷ್ಟೇ.

ಊಟ ಇದೆಯಾ?

ಮುದ್ದೆ, ಹುರುಳಿಕಾಳು ಬಸ್ಸಾರು, ಅನ್ನ, ಮಜ್ಜಿಗೆ. ತಟ್ಟೆ, ಲೋಟ ಮನೆಯಿಂದ ತನ್ನಿ. ಅವರೆಕಾಳು ಸಾರು ಯಾಕಿಲ್ಲ ಅಂತ ಕೇಳುವವರಿಗೆ: ಸೊಗಡಿನ ಅವರೆ ಬರಲು ಇನ್ನೂ ಒಂದು ತಿಂಗಳು ಇರುತ್ತದೆ.

ಸ್ಪರ್ಧೆ ಮುಗಿದ ಮೇಲೆ ಬೊಂಬೆ ಯಾರಿಗೆ?

ನಿಮ್ಮದು. ತೆಗೆದುಕೊಂಡು ಹೋಗಿ ನಿಮ್ಮ ಹೊಲದಲ್ಲಿ ನಿಲ್ಲಿಸಿ. ಬೇಡ ಅಂದರೆ ಕೊಯ್ಲು ತಡವಾದ ರೈತರಿಗೆ ಕೊಡುತ್ತೇವೆ, ಕೇಳುವವರು ಯಾವಾಗಲೂ ಇರುತ್ತಾರೆ. ಮಡಕೆ, ಗಳ, ತಂತಿ ಬೇರೆ ಬೇರೆ ಮಾಡಿ ಇಟ್ಟುಕೊಂಡರೆ ಮುಂದಿನ ವರ್ಷಕ್ಕೂ ಆಗುತ್ತದೆ. ಹುಲ್ಲು, ನಾರು ತಿಪ್ಪೆಗೆ. ರಿಬ್ಬನ್ ನಮಗೆ.

ಕಟ್ಟುವ ದಿನ ಬರಲು ಆಗದಿದ್ದರೆ ಮನೆಯಲ್ಲೇ ಕಟ್ಟಿ ಕಳಿಸಬಹುದಾ?

ಸ್ಪರ್ಧೆಗೆ ಆಗೋದಿಲ್ಲ, ಎಲ್ಲರ ಎದುರಿಗೆ ಕಟ್ಟಬೇಕು. ಆದರೆ ಬೊಂಬೆ ಕಳಿಸಿದರೆ ಹೊಲದ ಅಂಚಿನಲ್ಲಿ ನಿಲ್ಲಿಸುತ್ತೇವೆ. ಶಿಡ್ಲಘಟ್ಟ ಬಸ್ಸಿನಲ್ಲಿ ಹಾಕಿ ಕಳಿಸುವವರು ಕಂಡಕ್ಟರಿಗೆ ಮುಂಚೆಯೇ ಹೇಳಿ, ಕೈಗಳನ್ನು ಬಿಚ್ಚಿ ಮೈಗೆ ಕಟ್ಟಿ ಕಳಿಸಿ. ಚಾಚಿದ ಕೈ ಇದ್ದರೆ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ, ಎರಡು ಟಿಕೆಟ್ಟೂ ಕೇಳಬಹುದು.